ಬೆಲ್ಲದ ರಕ್ತ

ಹೋದವರು ತಿರುಗಿ ಬರುವುದಿಲ್ಲ ಎಂಬುದು ಹಿರಿಯರೆಲ್ಲ ಒಪ್ಪಿದ ಮಾತು. ಆದರೆ ಆ ಹಿರಿಯರು ಮಚ್ಚು-ಲಾಂಗಿನ ಸಿನಿಮಾ ನೋಡಿದವರಲ್ಲ. ಅಲ್ಲಿ ಮೊದಲ ಫೈಟಿನಲ್ಲಿ ಸತ್ತವನು ಮೂರನೆಯ ಫೈಟಿಗೆ ಬೇರೆ ಅಂಗಿ ತೊಟ್ಟು ಬಂದು ಮತ್ತೊಮ್ಮೆ ಸಾಯುತ್ತಾನೆ. ಬಡ ನಿರ್ಮಾಪಕ, ಎಷ್ಟು ಜನರನ್ನು ಅಂತ ತಂದಾನು?

ಈಗ ಹೇಳುವುದು ಮಾತ್ರ ಸಿನಿಮಾ ಅಲ್ಲ. ಕಳೆದ ಚಳಿಗಾಲದಲ್ಲಿ ಮೂಡಲಗಿಯ ಟಾಕೀಜಿನೊಳಗೆ ನನಗೇ ಆದದ್ದು. ನಾನು ಕುಡಿಯುವವನಲ್ಲ. ಕನ್ನಡಕದ ನಂಬರೂ ಆಗತಾನೇ ಬದಲಿಸಿದ್ದೆ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಸುಳ್ಳಾದರೆ ನನಗೇ ಹೆಚ್ಚು ಸುಖ.

ಗೋಕಾಕದಲ್ಲಿ ನನ್ನದು ಗಡಿಯಾರ ರಿಪೇರಿ ಅಂಗಡಿ. ಅದರ ಹಿಂದೆಯೇ ಮನೆ. ಮನೆಯಲ್ಲಿ ನಾನೊಬ್ಬನೇ. ರಾತ್ರಿ ಮಾತಾಡಲು ಗಡಿಯಾರಗಳಿವೆ, ಅವೂ ಒಂದೇ ಮಾತನ್ನು ಹೇಳುತ್ತವೆ. ಉಳಿದಂತೆ ಇದ್ದವನು ಬಸಲಿಂಗ. ಸಾಲಿ ಕಲಿಯುವಾಗಿನಿಂದಲೂ ಗೆಳೆಯ. ಕರದಂಟಿನ ಅಂಗಡಿಯಲ್ಲಿ ಬೆಲ್ಲದ ಪಾಕ ಹಿಡಿಯುವ ಕೆಲಸ ಅವನದು.

ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಕೋಳಿ ಕೊಯ್ಯುವ ಅಂಗಡಿ ಬಂದರೆ ರಸ್ತೆಯ ಆಚೆ ದಾಟಿ ನಡೆಯುವ ಮನುಷ್ಯ. ಅಂಥವನಿಗೆ ಕೊಚ್ಚಾಟದ ಸಿನಿಮಾ ಎಂದರೆ ಪ್ರಾಣ. ನನಗೂ ಅಷ್ಟೇ. ಎಷ್ಟು ಕಡಿಮೆ ಖರ್ಚಿನದೋ ಅಷ್ಟು ಒಳ್ಳೆಯದು. ಕ್ಯಾಮೆರಾ ಅಲುಗಬೇಕು, ರಕ್ತ ಜಾಸ್ತಿ ಕೆಂಪಗಿರಬೇಕು, ಹೀರೋಗೆ ತಾಯಿ ಬಿಟ್ಟು ಯಾರೂ ಇರಬಾರದು, ಆ ತಾಯಿಯೂ ಇಂಟರ್ವಲ್ಲಿನೊಳಗೆ ಸಾಯಬೇಕು. ಒಮ್ಮೆ ಕೇಳಿದ್ದೆ, ಇದರಲ್ಲಿ ಏನು ಕಂಡೆ ಎಂದು.

"ಅದರಾಗ ಎಲ್ಲಾರೂ ಒಬ್ಬೊಬ್ಬರ ಇರ್ತಾರ ನೋಡಪಾ," ಎಂದ. "ಊಟಾ ಮಾಡ್ದಿ ಏನಂತ ಕೇಳವ್ರ ಯಾರೂ ಇಲ್ಲ. ನಿನ್ನಂಗ."

ಅದಾದ ಮೇಲೆ ನಾನು ಆ ಪ್ರಶ್ನೆ ಕೇಳಲಿಲ್ಲ.

ಎರಡು ವರ್ಷದ ಹಿಂದೆ ಹುಕ್ಕೇರಿಗೆ ಒಂದು ಸಿನಿಮಾ ತಂಡ ಬಂತು. ಬೆಂಗಳೂರಿನ ರೌಡಿಗಳ ಕಥೆ. ಆದರೆ ಬೆಂಗಳೂರಿನಲ್ಲಿ ಬಾಡಿಗೆ ಜಾಸ್ತಿಯಂತೆ. ಹುಕ್ಕೇರಿಯ ಒಂದು ಹಾಳು ಗೋದಾಮಿಗೆ ಬೆಂಗಳೂರಿನ ಬೋರ್ಡು ಹೊಡೆದು ಕೆಲಸ ಶುರು ಮಾಡಿದರು. ತಂದಿದ್ದ ರಕ್ತ ಎರಡೇ ದಿನಕ್ಕೆ ತೀರಿತು. ಬಸಲಿಂಗ ಕೆಂಪು ಬಣ್ಣ ಹಾಕಿ ಬೆಲ್ಲದ ಪಾಕ ಹಿಡಿದು ಒಂದು ಕೊಡಪಾನ ಒಯ್ದ. ಕೂಲಿಯ ಬದಲು ಒಂದು ಪಾತ್ರ ಕೇಳಿದ. ಹೀರೋನ ಕೈಯಲ್ಲಿ ಸಾಯುವ ಪಾತ್ರ ಸಿಕ್ಕಿತು.

ನಾನೂ ಹೋಗಿದ್ದೆ. ಪಾಕವನ್ನು ಕರದಂಟಿನ ಹದಕ್ಕೇ ತಂದುಬಿಟ್ಟಿದ್ದ. ಹೀರೋ ಲಾಂಗು ಮೇಲೆತ್ತಿದರೆ ರಕ್ತ ಎಳೆ ಎಳೆಯಾಗಿ ಹಿಂದೆಯೇ ಬರುತ್ತಿತ್ತು. ಬಿಸಿನೀರು ಬೆರೆಸಿ ಮತ್ತೆ ತೆಗೆದರು. ಬಸಲಿಂಗನಿಗೆ ಕೊಟ್ಟ ಮಾತು ಒಂದೇ, "ಅಣ್ಣಾ, ಬಿಟ್ಟುಬಿಡು." ಇವನು ಪ್ರತಿ ಸಲವೂ "ಅಣ್ಣಾ, ಬಿಟ್ಟಬಿಡ್ರಿ" ಎಂದ. ನಿರ್ದೇಶಕ ತಲೆ ಚಚ್ಚಿಕೊಂಡ.

"ಕೊಲ್ಲಾಕ ಬಂದಾವಗ ಏಕವಚನ ಹೆಂಗ ಅನ್ನೂದ್ರಿ?" ಎಂದು ಇವನು ಕೇಳಿದ. ಕೊನೆಗೆ "ರಿ" ಉಳಿಯಿತು. ಬಿದ್ದಮೇಲೆ ಹೆಣವಾಗಿ ಮಲಗಿದವನ ಮೈಗೆ ಇರುವೆ ಹತ್ತಿದವು. ಆದರೂ ಅಲುಗಲಿಲ್ಲ, ಪುಣ್ಯಾತ್ಮ.

ಬಸ್ಸಿನಲ್ಲಿ ವಾಪಸು ಬರುವಾಗ ಹೇಳಿದ, "ಲೇ ಮಲ್ಯಾ, ಸಿನೆಮಾ ಬಂದ ದಿನಾ ನಾ ಸಾಯೂದ ಇಬ್ರೂ ಕೂಡೇ ನೋಡೂಣು. ನೀ ಬಾಜೂಕ ಇರಬೇಕ ಮತ್ತ."

ಸಿನಿಮಾ ಬರುವ ಮೊದಲೇ ಅವನ ಎದೆ ನಿಂತಿತು. ಅಂದು ನಾನು ಅಂಕಲಗಿಯಲ್ಲಿ ನೆಂಟರ ಮದುವೆಯಲ್ಲಿದ್ದೆ. ನಮ್ಮಲ್ಲಿ ಹೋದವರನ್ನು ಕೂರಿಸಿಯೇ ಮಣ್ಣು ಮಾಡುತ್ತಾರೆ. ನಾನು ಓಡಿ ಬರುವಷ್ಟರಲ್ಲಿ ಅವನು ಕೂತಾಗಿತ್ತು, ಮಣ್ಣೂ ಮುಚ್ಚಿತ್ತು. ಮುಖ ನೋಡಲಿಲ್ಲ.

ಹಾಗಾಗಿ ಮೂಡಲಗಿಯಲ್ಲಿ ಆ ಸಿನಿಮಾ ಬಂದಿದೆ, ಇದೊಂದೇ ರಾತ್ರಿ ಎಂದು ತಿಳಿದಾಗ ಬಾಗಿಲು ಎಳೆದು ಗಾಡಿ ಹತ್ತಿದೆ. ಆ ಮುಖ ನೋಡಲು ನನಗೆ ಉಳಿದಿದ್ದ ಜಾಗ ಅದೊಂದೇ.

ಟಾಕೀಜಿನ ಮುಂದೆ ನಾಯಿ ಮಲಗಿತ್ತು. ಗೇಟಿನಲ್ಲಿ ಟಿಕೆಟ್ ಹರಿಯುವ ಇಮಾಮಸಾಬ ಮಫ್ಲರ್ ಸುತ್ತಿ ಕೂತಿದ್ದ. ಒಳಗೆ ಕಬ್ಬಿನ ಲಾರಿಯ ಡ್ರೈವರುಗಳು ಇಬ್ಬರು, ನಿದ್ದೆ ಮಾಡಲೆಂದೇ ಬಂದ ಮುದುಕ ಒಬ್ಬ.

"ಐದ ಮಂದಿ ಆಗದ ಶೋ ಇಲ್ರಿ," ಎಂದ ಇಮಾಮಸಾಬ. "ನಿಮ್ಮನ್ನ ಹಿಡದ್ರ ನಾಕ."

"ಉಳದದ್ದ ಟಿಕೆಟ್ ನಾನ ತಗೋತೇನಿ."

"ಟಿಕೆಟ್ ಅಲ್ರಿ, ತಲಿ ಬೇಕ. ಖಾಲಿ ಕುರ್ಚಿಗಿ ಟಿಕೆಟ್ ಹರೀಬಾರದಂತ ನಮ್ಮ ಹಳೇ ಮಾಲಕರ ಕಾಲದಿಂದ ಪದ್ಧತಿ ಐತಿ. ಛಲೋ ಅಲ್ಲ ಅದು. ಯಾರರ ಬರವ್ರ ಅದಾರೇನ್ರಿ?"

ಬಸಲಿಂಗ ಹಿಂದೆ ಉಳಿದಾಗೆಲ್ಲ ಗೋಕಾಕದ ಟಾಕೀಜಿನ ಗೇಟಿನಲ್ಲಿ ನಲವತ್ತು ವರ್ಷ ನಾನು ಹೇಳಿದ್ದೇ ಬಾಯಿಗೆ ಬಂತು. "ಅದಾನ. ಹಿಂದ ಬರಾಕತ್ತಾನ. ಎರಡ ಕೊಡ್ರಿ."

ಇಮಾಮಸಾಬ ನನ್ನ ಹಿಂದಿನ ಕತ್ತಲನ್ನು ಒಮ್ಮೆ ನೋಡಿದ. ಎರಡು ಟಿಕೆಟ್ ಹರಿದ.

ಒಳಗೆ ಹೋಗಿ ಕೂತೆ. ಸ್ಪ್ರಿಂಗಿನ ಕುರ್ಚಿಗಳು. ಎದ್ದ ಕೂಡಲೇ ಟಪ್ ಎಂದು ಮಡಚಿಕೊಳ್ಳುತ್ತವೆ. ಅದಕ್ಕೇ ಬಸಲಿಂಗನಿಗೆ ಜಾಗ ಹಿಡಿಯುವಾಗ ಟವೆಲ್ಲನ್ನು ಕುರ್ಚಿಯ ಕೈಗೆ ಗಂಟು ಹಾಕುವುದು ನನ್ನ ರೂಢಿ. ಅಂದೂ ಕೈ ತಾನೇ ಹಾಗೆ ಮಾಡಿತು. ಬಿಚ್ಚಲು ಮನಸ್ಸಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಬಾಗಿಲ ಪರದೆ ಸರಿಯಿತು. ಇಮಾಮಸಾಬನ ಬ್ಯಾಟರಿ ಬೆಳಕು ಲಾರಿಯವರ ಮೇಲೆ ಹೋಯಿತು, ಮುದುಕನ ಮೇಲೆ ಹೋಯಿತು, ನನ್ನ ಮೇಲೆ ಬಂತು... ಪಕ್ಕಕ್ಕೆ ಸರಿಯಿತು. ಅಲ್ಲೇ ಒಂದು ಕ್ಷಣ ನಿಂತಿತು.

"ಐದ. ಚಾಲೂ ಮಾಡ್ರಿ," ಎಂದು ಮೇಲಕ್ಕೆ ಕೂಗಿದ.

ಪಕ್ಕಕ್ಕೆ ನೋಡಿದೆ. ಮಡಚಿದ ಕುರ್ಚಿ, ಟವೆಲ್ಲು. ಮುದುಕನನ್ನು ಎರಡು ಸಲ ಎಣಿಸಿರಬೇಕು ಎಂದುಕೊಂಡೆ. ಬಾಯಿ ಬಿಟ್ಟರೆ ಸಿನಿಮಾ ನಿಲ್ಲುತ್ತಿತ್ತು, ಸುಮ್ಮನಿದ್ದೆ.

ಹೀರೋನ ತಾಯಿ ಪದ್ಧತಿಯಂತೆ ಸತ್ತಳು. ಇಂಟರ್ವಲ್ಲು ಕಳೆಯಿತು. ಗೋದಾಮು ಬರುವುದು ಇನ್ನೇನು ಹತ್ತಿರವಿದೆ ಎನ್ನುವಾಗ ಪಕ್ಕದಲ್ಲಿ ಸ್ಪ್ರಿಂಗು ಕಿರುಗುಟ್ಟಿತು... ಕುರ್ಚಿ ಮೆಲ್ಲಗೆ ಕೆಳಗಿಳಿಯುವ ಸದ್ದು. ಅದು ಒಬ್ಬರು ಕೂತ ಹೊರತು ಆಗದ ಸದ್ದು.

ಆಮೇಲೆ ವಾಸನೆ ಬಂತು. ಕಾಯ್ದ ಬೆಲ್ಲದ ವಾಸನೆ.

ಹೊರಗೆ ಕಬ್ಬಿನ ಲಾರಿಗಳಿವೆಯಲ್ಲ ಎಂದು ಮನಸ್ಸಿಗೆ ಹೇಳಿದೆ. ಮನಸ್ಸು ಗೋಕಾಕದ್ದು, ಹಸಿ ಕಬ್ಬಿಗೂ ಕುದಿಯುವ ಪಾಕಕ್ಕೂ ವ್ಯತ್ಯಾಸ ಬಲ್ಲದು. ಕತ್ತು ತಿರುಗಿಸಬಾರದು, ಪರದೆಯನ್ನೇ ನೋಡಬೇಕು ಎಂದು ಹಲ್ಲು ಕಚ್ಚಿ ಕೂತೆ. ಬಂದದ್ದು ಅವನ ಮುಖಕ್ಕಾಗಿ ಅಲ್ಲವೇ...

ಗೋದಾಮು ಬಂತು. ಹುಕ್ಕೇರಿಯ ಅದೇ ಮುರುಕು ಶಟರ್. ಹೀರೋ ನಡೆದು ಬಂದ. ಕಂಬದ ಹಿಂದೆ ಬಿಳಿ ಅಂಗಿಯ ತುದಿ ಕಂಡಿತು. ಅದು ಬಸಲಿಂಗನದು. ಇನ್ನು ಒಂದು ಹೆಜ್ಜೆ ಮುಂದೆ ಬಂದರೆ ಮುಖ.

"ಲೇ ಮಲ್ಯಾ..."

ಕಿವಿಯ ಪಕ್ಕದಲ್ಲೇ. ಮೆಲ್ಲಗೆ, ಬಸ್ಸಿನಲ್ಲಿ ಹೇಳಿದ ಹಾಗೇ.

ತಿರುಗಿದೆ. ತಿರುಗದೆ ಇರುವುದು ಹೇಗೆ? ಕುರ್ಚಿ ಪೂರ್ತಿ ಕೆಳಗಿತ್ತು. ಅದರ ಮೇಲೆ ಯಾರೂ ಇರಲಿಲ್ಲ. ನೋಡುತ್ತ ಎಷ್ಟು ಹೊತ್ತು ಕೂತೆನೋ, ಬೆನ್ನ ಹಿಂದೆ ಪರದೆಯಿಂದ ಅವನದೇ ದನಿ ಬಂತು. "ಅಣ್ಣಾ, ಬಿಟ್ಟಬಿಡ್ರಿ."

ಲಾರಿಯವರು ನಕ್ಕರು.

ಪರದೆಯತ್ತ ತಿರುಗುವಷ್ಟರಲ್ಲಿ ಹೀರೋ ಲಾಂಗು ಒರೆಸಿಕೊಳ್ಳುತ್ತಿದ್ದ. ನೆಲದ ಮೇಲೆ ಎರಡು ಅಂಗಾಲು ಮಾತ್ರ ಕಂಡವು. ಆಮೇಲೆ ಹಾಡು ಬಂತು.

ಕೊನೆಯಲ್ಲಿ ದೀಪ ಹತ್ತಿದಾಗ ಪಕ್ಕದ ಕುರ್ಚಿ ಟಪ್ ಎಂದು ಮಡಚಿಕೊಂಡಿತು. ನಾನಿನ್ನೂ ಎದ್ದಿರಲಿಲ್ಲ.

ಬಾಗಿಲಲ್ಲಿ ಇಮಾಮಸಾಬ ಕೀಲಿ ಹಿಡಿದು ಕಾಯುತ್ತಿದ್ದ. ಉಳಿದ ಮೂವರು ಹೊರಟುಹೋಗಿದ್ದರು.

"ನಿಮ್ಮ ದೋಸ್ತರು?"

"ಯಾವ ದೋಸ್ತ?"

"ನಿಮ್ಮ ಬಾಜೂಕ ಕುಂತಿದ್ರಲ್ರಿ. ನೀಲಿ ಅಂಗಿಯವ್ರ. ಕುರ್ಚಿ ತಳಗ ಮಲಗ್ಯಾರೇನ ನೋಡೂನು ಬರ್ರಿ. ಒಳಗ ಯಾರನರ ಇಟ್ಟ ಕೀಲಿ ಹಾಕಿದ್ರ ಮಾಲಕರ ನನ್ನ ಬಿಡೂದಿಲ್ಲ."

ಇಬ್ಬರೂ ಸಾಲು ಸಾಲು ಹುಡುಕಿದೆವು. ಯಾರೂ ಸಿಗಲಿಲ್ಲ. ನಾನು ಟವೆಲ್ಲು ಬಿಚ್ಚಿಕೊಂಡೆ. ಅದು ಕೈಗೆ ಅಂಟಿತು.

ದಾರಿಯ ಮಸಗುಪ್ಪಿ ಊರು ದಾಟುವವರೆಗೂ ಗಾಡಿಯ ಹಿಂದಿನ ಸೀಟಿನತ್ತ ನೋಡಲಿಲ್ಲ. ಬೆಳಿಗ್ಗೆ ಗೂಟಕ್ಕೆ ನೇತುಹಾಕಿದ್ದ ಟವೆಲ್ಲಿನ ತುಂಬ ಇರುವೆಗಳಿದ್ದವು.

ಶೂಟಿಂಗಿನಲ್ಲಿ ಅವನು ತೊಟ್ಟದ್ದು ಬಿಳಿ ಅಂಗಿ. ಮಣ್ಣು ಮಾಡುವಾಗ ಯಾವ ಅಂಗಿ ಹಾಕಿದ್ದರೋ ನನಗೆ ಗೊತ್ತಿಲ್ಲ. ಅವನ ಹೆಂಡತಿ ವಾರಕ್ಕೊಮ್ಮೆ ಅಂಗಡಿಯ ಮುಂದೆಯೇ ಹಾದುಹೋಗುತ್ತಾಳೆ. "ಅರಾಮ ಅದೀರಿ ಅಣ್ಣಾರ?" ಎನ್ನುತ್ತಾಳೆ. ನಾನು ಅರಾಮ ಎನ್ನುತ್ತೇನೆ. ಅಂಗಿಯ ವಿಷಯ ಕೇಳಿಲ್ಲ.

ಆ ಸಿನಿಮಾವನ್ನು ಮರುದಿನವೇ ತೆಗೆದರು. ಆಮೇಲೆ ಅದು ಯಾವ ಊರಿಗೂ ಬರಲಿಲ್ಲ, ಫೋನಿನಲ್ಲೂ ಸಿಗಲಿಲ್ಲ. ಬಸಲಿಂಗ ಸಾಯುವುದನ್ನು ನಾನು ಇನ್ನೂ ನೋಡಿಲ್ಲ.