ಶರಣಮ್ಮ ಹೊತ್ತ ತಪ್ಪು

ಆ ಪ್ರೆಸ್ಸಿನ ಗುಂಡಿಗೆ ರಟ್ಟು ಸಿಕ್ಕಿಸಿದವಳು ನಾನು — ಶರಣಮ್ಮ ಅಲ್ಲ. ಸಿಂಗಸಂದ್ರದ ನಮ್ಮ ಸಭೆಯಲ್ಲಿ ಏಳು ವರ್ಷ ನನ್ನ ಸಾಕ್ಷಿ ಕೇಳಿ ‘ಆಮೆನ್’ ಎಂದವರೇ, ಮೊದಲು ಇಷ್ಟನ್ನು ಕೇಳಿ.

ಎಲೆಕ್ಟ್ರಾನಿಕ್ ಸಿಟಿಯ ಹಿಂಬದಿಯ ಸಣ್ಣ ಕಾರ್ಖಾನೆಯೊಂದರಲ್ಲಿ ನಾವಿಬ್ಬರೂ ತಗಡು ಒತ್ತುವ ಒಂದೇ ಪ್ರೆಸ್ ಮಷೀನಿಗೆ ಒಬ್ಬರಾದ ಮೇಲೊಬ್ಬರು ನಿಲ್ಲುತ್ತಿದ್ದೆವು. ಎರಡು ಕೈಯಿಂದ ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಕೆಳಗಿಳಿಯಬೇಕು — ಕೈಗಳು ಹೊರಗಿರಲಿ ಎಂದೇ ಆ ಏರ್ಪಾಡು. ಒಂದು ಗುಂಡಿಗೆ ರಟ್ಟು ತುರುಕಿದರೆ ಒಂದು ಕೈ ಬಿಡುವಾಗುತ್ತದೆ, ಕೆಲಸ ಬೇಗ ಸಾಗುತ್ತದೆ. ನಾನು ಹಾಗೇ ಮಾಡುತ್ತಿದ್ದೆ. ಶಿಫ್ಟ್ ಮುಗಿದಾಗ ತೆಗೆಯುತ್ತಿದ್ದೆ. ಆ ದಿನ ಉಪವಾಸ ಪ್ರಾರ್ಥನೆಗೆ ಹೊತ್ತಾಯಿತೆಂದು ತೆಗೆಯದೆ ಓಡಿಬಿಟ್ಟೆ. ಹೌದು, ಪ್ರಾರ್ಥನೆಗೆ! ನನ್ನ ನಂತರ ಬಂದ ಶರಣಮ್ಮ ಎಡಗೈಯಲ್ಲಿ ತಗಡು ಸರಿಪಡಿಸುತ್ತಿದ್ದಾಗ ಬಲಗೈ ಇನ್ನೊಂದು ಗುಂಡಿಗೆ ತಾಗಿತು. ಎರಡು ಬೆರಳು ಹೋದವು.

ಮರುದಿನ ಆಸ್ಪತ್ರೆಗೆ ಬಂದ ಸೂಪರ್‌ವೈಸರ್ ಅವಳನ್ನು ಕೇಳಿದರು: “ಯಾರಮ್ಮ ರಟ್ಟು ಸಿಗ್ಸಿದ್ದು? ನಿಜ ಹೇಳ್ಬಿಡು, ಅವ್ರನ್ನ ಇವತ್ತೇ ಮನೆಗೆ ಕಳಿಸ್ತೀನಿ.” ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. ಬಾಯಿ ಜೋರಿನವಳು ಎಂದು ಹೆಸರಾದ ನಾನು — ಆಗ ನಾಲಿಗೆ ಎಲ್ಲಿ ಹೋಗಿತ್ತೋ! ಶರಣಮ್ಮ ಒಮ್ಮೆ ನನ್ನ ಮುಖ ನೋಡಿದಳು. “ನಾನ ಸಿಗಿಸೀನ್ರಿ ಸಾರ್, ಲಗೂ ಆಗ್ಲಿ ಅಂತ” ಎಂದಳು.

ಅವರು ಹೋದ ಮೇಲೆ ಯಾಕೆ ಹಾಗೆಂದೆ ಎಂದು ಕೇಳಿದೆ. ನನ್ನ ಗಂಡ ಹಾಸಿಗೆ ಹಿಡಿದದ್ದು ಅವಳಿಗೆ ಗೊತ್ತಿತ್ತು. “ನನ್ನ ಬೆರಳಂತೂ ಹೋದ್ವಕ್ಕ. ನಿನ್ನ ಕೆಲಸಾನೂ ಹೋದ್ರ ಅವು ಹೊಳ್ಳಿ ಬರ್ತಾವೇನು?”

ಕೆಲಸ ಹೋದದ್ದು ಅವಳದು. ನಾನು — ಅಯ್ಯೋ, ಹೇಗೆ ಬರೆಯಲಿ — ಆ ಭಾನುವಾರವೇ ಸಭೆಯಲ್ಲಿ ಎದ್ದು ನಿಂತು, ಒಂದು ಗಂಟೆ ಮೊದಲಾಗಿದ್ದರೆ ನನ್ನ ಕೈಯೇ ಹೋಗುತ್ತಿತ್ತು, ಕರ್ತನು ಕಾಪಾಡಿದ ಎಂದು ಸಾಕ್ಷಿ ಹೇಳಿದೆ. ಆಮೇಲೂ ಎಷ್ಟೋ ಸಲ ಹೇಳಿದೆ. ನೀವು ಚಪ್ಪಾಳೆ ತಟ್ಟಿದಿರಿ.

ಯೇಸು ನನ್ನ ಪಾಪ ಹೊತ್ತನೆಂದು ಚಿಕ್ಕಂದಿನಿಂದ ಹಾಡಿದ್ದೇನೆ. ಹೊರುವುದು ಎಂದರೇನೆಂದು ತೋರಿಸಿದವಳು ನಮ್ಮ ಸಭೆಯ ಮೆಟ್ಟಿಲನ್ನೇ ಹತ್ತದ, ರಾಯಚೂರು ಕಡೆಯ ಹೆಂಗಸು. ಬೆರಳುಗಳನ್ನು ಅವಳು ಕೊಡಲಿಲ್ಲ — ಅವನ್ನು ನಾನು ಕಳೆದೆ. ಮನಸಾರೆ ಕೊಟ್ಟದ್ದು ತನ್ನ ಒಳ್ಳೆಯ ಹೆಸರನ್ನು. ಅವಳ ಗಂಡ ಏಳು ವರ್ಷ ‘ಬುದ್ಧಿಗೇಡಿ’ ಎಂದು ಜರೆದರೂ ನನ್ನ ಸುದ್ದಿ ಎತ್ತಲಿಲ್ಲ. ಅಂಥವಳನ್ನು ನನ್ನ ಪಕ್ಕದಲ್ಲಿ ತಂದು ನಿಲ್ಲಿಸಿದ ದೇವರಿಗೆ ಎಷ್ಟು ಸ್ತೋತ್ರ ಸಲ್ಲಿಸಿದರೂ ಸಾಲದು.

ಹೋದ ವಾರ ಬೇಗೂರಿನ ಅವಳ ಬಾಡಿಗೆ ಮನೆಗೆ ಹೋಗಿ, ಗಂಡನ ಎದುರಿಗೇ ಎಲ್ಲ ಹೇಳಿದೆ. “ನನಗರ ಹೇಳಬಾರದಿತ್ತೇನ?” ಎಂದ ಹೆಂಡತಿಗೆ. “ಹೇಳಿದ್ರ ನೀ ಸುಮ್ನಿರ್ತಿದ್ದೇನು?” ಎಂದು ಕೇಳಿ ಅವಳು ನನ್ನತ್ತ ತಿರುಗಿದಳು. “ಇದನ್ನ ಎದ್ಯಾಗ ಇಟ್ಕೊಂಡು ಇಷ್ಟು ವರ್ಸ ಹ್ಯಾಂಗ ಉಂಡಿ ಅಕ್ಕಾ?” ಎಂದವಳೇ ಬಿಸಿ ಜೋಳದ ರೊಟ್ಟಿ ಮುರಿದು ನನ್ನ ಕೈಗಿಟ್ಟಳು. ಅಳುತ್ತಲೇ ತಿಂದೆ.

ವಾಪಸು ಬಸ್ಸು ಹತ್ತಿದ ಮೇಲೆ ಹೊಳೆಯಿತು — ಎಲ್ಲ ಹೇಳಿದೆ, ಕ್ಷಮಿಸು ಎಂದು ಮಾತ್ರ ಕೇಳಲೇ ಇಲ್ಲ. ನಾಳೆ ಕಾರ್ಖಾನೆಯ ಆಫೀಸಿನಲ್ಲಿ ನಿಜ ಬರೆದುಕೊಟ್ಟು, ಅಲ್ಲಿಂದ ನೇರ ಬೇಗೂರಿಗೆ ಹೋಗುತ್ತೇನೆ. ಕೇಳುವ ಮೊದಲೇ ಅವಳು ಕ್ಷಮಿಸಿಬಿಟ್ಟಿದ್ದಾಳೆ, ಗೊತ್ತು. ಆದರೂ ನಾನು ಕೇಳಬೇಕು.