ರೌದಾ ಒಡೆದ ಬೀಜ

ಸ್ಫಾಕ್ಸ್ ಪಟ್ಟಣದ ನಮ್ಮ ಹೊಲಿಗೆ ಅಂಗಡಿಯಲ್ಲಿ ಸಂಜೆಯಾದರೆ ಸೂರ್ಯಕಾಂತಿ ಬೀಜದ ಪೊಟ್ಟಣ ಬಿಚ್ಚಲೇಬೇಕು. ಮುಂದಿನ ಹಲ್ಲಿನಲ್ಲಿ ಟಕ್ಕೆಂದು ಒಡೆದು, ಸಿಪ್ಪೆ ಉಗಿದು, ಊರವರ ಸುದ್ದಿ ಆಡಬೇಕು. ನಮ್ಮ ಜೊತೆ ಹೊಲಿಯುವ ರೌದಾಗೆ ಮಾತ್ರ ಆ ಸುಖವಿರಲಿಲ್ಲ. ಅವಳ ದವಡೆ ಬೆಳೆದದ್ದೇ ಸೊಟ್ಟ; ಹಿಂದಿನ ಹಲ್ಲು ಕೂಡಿದರೂ ಮುಂದಿನವು ಕೂಡುತ್ತಿರಲಿಲ್ಲ. ನಡುವೆ ಬೀಜವೇನು, ಅಂಗಿಯ ಗುಂಡಿಯೇ ತೂರಿಹೋಗುತ್ತಿತ್ತು. "ನಿನ್ನ ಬಾಯಿಗೆ ಬಾಗ್ಲೇ ಇಲ್ವಲ್ಲೇ" ಎಂದು ಚುಡಾಯಿಸಿದವರಲ್ಲಿ ನಾನೂ ಒಬ್ಬಳು.

ಇಪ್ಪತ್ತಾರನೆಯ ವಯಸ್ಸಿಗೆ ಅವಳು ಆಪರೇಷನ್ ಮಾಡಿಸಿಕೊಂಡಳು. ಮೇಲ್ದವಡೆ ಕತ್ತರಿಸಿ, ಸರಿಯಾಗಿ ಕೂರಿಸಿ, ಸ್ಕ್ರೂ ಹಾಕಿದರು. ವಾರಗಟ್ಟಲೆ ಬರೀ ಸೂಪು. ನಾಲ್ಕನೆಯ ತಿಂಗಳು ಡಾಕ್ಟರರ ಒಪ್ಪಿಗೆ ಪಡೆದು ಮೊದಲ ಬೀಜ ಒಡೆದಾಗ ನಾವೆಲ್ಲ ಅತ್ತೆವು. ಆದರೆ ಹಲ್ಲಿನ ತಂತಿಗೆ ಸಿಕ್ಕಿಸುವ ಪುಟ್ಟ ರಬ್ಬರ್‌ಗಳು ಹಗಲೂ ರಾತ್ರಿ ಇರಬೇಕು, ಇಲ್ಲವಾದರೆ ಹಲ್ಲು ಹಳೆಯ ಜಾಗಕ್ಕೇ ಹೋಗುತ್ತವೆ ಎಂದು ಅವರು ಎಚ್ಚರಿಸಿದ್ದರು.

ಅಷ್ಟರಲ್ಲಿ ರಂಜಾನ್ ಬಂತು. ಬಾಯಲ್ಲಿ ರಬ್ಬರ್ ಇಟ್ಟುಕೊಂಡು ಎಂಥ ಉಪವಾಸ ಎಂದು ಅಪ್ಪಣೆ ಕೊಟ್ಟವಳು ನಾನೇ. ನನ್ನ ನಾಲಿಗೆ ಸೇದಿಹೋಗಲಿ. ಹಗಲು ಅವಳು ತೆಗೆದಿಟ್ಟಳು. ಉಪವಾಸ ಬಿಟ್ಟ ಮೇಲೆ ಊಟ, ಚಹಾ, ನೆಂಟರು ಎಂದು ಹಾಕಿಕೊಳ್ಳುವುದನ್ನೇ ಮರೆತಳು.

ಹಬ್ಬ ಮುಗಿದು ಅಂಗಡಿ ತೆರೆದ ದಿನ ಮತ್ತೆ ಪೊಟ್ಟಣ ಬಿಚ್ಚಿದೆವು. ಒಡತಿ ಮನ್ನೂಬಿಯಾ ಕನ್ನಡಕದ ಮೇಲಿಂದ ನೋಡಿದರು.

"ಯಾಕೇ, ಬೀಜಾನ ದವಡೆ ಹಲ್ಲಿಗೆ ಕೊಡ್ತಿದೀಯ?"

"ಮುಂದೆ ಜಾರ್ತಾ ಇದೆ, ದೊಡ್ಡಮ್ಮ" ಎಂದಳು ರೌದಾ. ಮುಖ ಬಿಳುಚಿಕೊಂಡಿತ್ತು.

ಮನ್ನೂಬಿಯಾ ಕೈಲಿದ್ದ ಮದುವೆ ಅಂಗಿಯನ್ನು ಅಲ್ಲೇ ಬಿಟ್ಟು, ನಮ್ಮಿಬ್ಬರನ್ನೂ ಎಬ್ಬಿಸಿಕೊಂಡು ಆಸ್ಪತ್ರೆಗೆ ಹೊರಟರು. ದಾರಿಯುದ್ದಕ್ಕೂ ನಾನು ದೇವರಲ್ಲಿ ಬೇಡಿಕೊಂಡೆ. ಮತ್ತೆ ಕೊಯ್ಯಬೇಕಾಗಿ ಬಂದರೆ ಆ ಪಾಪ ನನ್ನದು.

ಎಕ್ಸ್‌ರೇ ನೋಡಿದ ಡಾಕ್ಟರರು, ಮೂಳೆ ಕದಲಿಲ್ಲ, ಹಲ್ಲಷ್ಟೇ ಕೂದಲೆಳೆಯಷ್ಟು ಸರಿದಿವೆ, ಬೇಗ ಬಂದದ್ದು ಒಳ್ಳೆಯದಾಯಿತು ಎಂದರು. ನುಂಗದ ವಸ್ತುವಿನಿಂದ ಉಪವಾಸ ಮುರಿಯುವುದಿಲ್ಲ ಎಂದು ಆಮೇಲೆ ಇಮಾಮರು ಹೇಳಿದಾಗ ಮನ್ನೂಬಿಯಾ ನನ್ನ ಮುಖವನ್ನೇ ನೋಡಿದರು.

ರಬ್ಬರ್ ಮತ್ತೆ ಏರಿತು. ಎರಡು ತಿಂಗಳಲ್ಲಿ ಹಲ್ಲು ಕೂಡಿದವು. ಈಗ ಮೂರು ವರ್ಷ. ತಂತಿ ಬಿಚ್ಚಿಯಾಗಿದೆ, ಒಂದು ಹಲ್ಲೂ ಅಲುಗಿಲ್ಲ. ಮನ್ನೂಬಿಯಾ ಮುದುಕಿಯ ಕಣ್ಣಿಗೆ ನಾನು ಬದುಕಿರುವ ತನಕ ಋಣಿ.

ನನ್ನ ತಪ್ಪನ್ನು ರೌದಾ ಎಂದೂ ಎತ್ತಿ ಆಡಲಿಲ್ಲ. ಹೋದ ಚಳಿಗಾಲ ವಸಡು ಸಡಿಲಾಗಿ ನನ್ನ ಮುಂದಿನ ಹಲ್ಲುಗಳೇ ಉದುರಿದವು. ಅಂದಿನಿಂದ ಸಂಜೆ ಅವಳು ಎರಡು ಬೀಜ ಒಡೆದರೆ, ಒಂದರ ತಿರುಳು ನನ್ನ ಅಂಗೈಗೆ ಬೀಳುತ್ತದೆ.