ಸಾರಕ್ಕಿ ಕೆರೆಯ ನೀರಿಗೆ ಪರಿಹಾರ

ನನ್ನ ತವರು ಯಡಿಯೂರು. ಮದುವೆಯಾಗಿ ಸಾರಕ್ಕಿಗೆ ಬಂದಾಗ ಅತ್ತೆ ಮನೆಯವರು ಕೆರೆಯ ಕೆಳಗಿನ ತೋಟದಲ್ಲಿ ಸೊಪ್ಪು ಬೆಳೆಯುತ್ತಿದ್ದರು. ದಂಟು, ಮೆಂತ್ಯ, ಕೊತ್ತಂಬರಿ. ಬೆಳಗ್ಗೆ ಕಿತ್ತು ಕಟ್ಟು ಕಟ್ಟಿ, ಅತ್ತೆಯೂ ನಾನೂ ಮಂಕರಿ ಹೊತ್ತು ಜಯನಗರದ ಹೊಸ ಬಡಾವಣೆಗೆ ಹೋಗುತ್ತಿದ್ದೆವು. ಅತ್ತೆ ಬೀದಿ ತುಂಬ ಕೇಳುವ ಹಾಗೆ ಕೂಗುತ್ತಿದ್ದರು. ನನಗೆ ನಾಚಿಕೆ, ಹಿಂದೆ ನಡೆಯುತ್ತಿದ್ದೆ.

ಅರವತ್ತರ ದಶಕದ ಮೊದಲ ವರ್ಷಗಳು. ಕೆರೆಯ ಮೇಲ್ಭಾಗದಲ್ಲಿ ನೂಲಿಗೆ ಬಣ್ಣ ಹಾಕುವ ಸಣ್ಣ ಕಾರ್ಖಾನೆಯೊಂದು ಶುರುವಾಯಿತು. ಊರಿನ ಕೆಲವರಿಗೆ ಅಲ್ಲಿ ಕೆಲಸ ಸಿಕ್ಕಿದ್ದರಿಂದ ಯಾರೂ ಬೇಡ ಅನ್ನಲಿಲ್ಲ. ನೂಲು ತೊಳೆದ ನೀರು ಹಳ್ಳದಲ್ಲಿ ಹರಿದು ಕೆರೆ ಸೇರುತ್ತಿತ್ತು. ಬೇಸಿಗೆಯಲ್ಲಿ ಕೆರೆ ಇಳಿದಾಗ ಮೀನು ಸತ್ತು ತೇಲಿದವು. ಸೊಪ್ಪಿನ ತುದಿ ಸುಟ್ಟ ಹಾಗೆ ಕಪ್ಪಾಯಿತು. ಜಯನಗರದಲ್ಲಿ ನಮ್ಮಿಂದ ದಿನಾ ಕೊಳ್ಳುತ್ತಿದ್ದ ಒಬ್ಬರು ಕಟ್ಟನ್ನು ಮೂಸಿ ನೋಡಿ ವಾಪಸ್ ಮಂಕರಿಗೆ ಇಟ್ಟರು. ಅತ್ತೆ ಅವತ್ತು ಮತ್ತೆ ಕೂಗಲಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ಅಕ್ಕ ಇದ್ದರು. ಅವರಿಗೆ ಹೊಲವಿರಲಿಲ್ಲ, ಮೂರು ಎಮ್ಮೆ ಇದ್ದವು. ಕೆರೆಯಂಗಳದ ಹುಲ್ಲು, ಕೆರೆಯ ನೀರು, ಅದರಿಂದ ಬರುವ ಹಾಲು, ಇಷ್ಟೇ ಅವರ ಬದುಕು. ನಾನು ಹೊಸದಾಗಿ ಬಂದಾಗ ತವರಿನ ನೆನಪಲ್ಲಿ ಕಣ್ಣು ಒರೆಸಿಕೊಳ್ಳುವುದನ್ನು ನೋಡಿ, ಹಿತ್ತಿಲ ಗೋಡೆಯ ಮೇಲಿಂದ ಮಜ್ಜಿಗೆ ಕೊಡುತ್ತಿದ್ದವರು ಅವರೇ. ಎಮ್ಮೆಗಳು ಈಗ ಕೆರೆಗೆ ಇಳಿಯಲು ಒಲ್ಲವು, ಹಾಲೂ ಕಡಿಮೆಯಾಯಿತು.

ಊರಿನವರು ಹೋಗಿ ಮಾತಾಡಿದ ಮೇಲೆ ಕಾರ್ಖಾನೆಯ ಯಜಮಾನರು ತಾವೇ ಅರಳಿಕಟ್ಟೆಗೆ ಬಂದರು. ಕೆಟ್ಟ ಮನುಷ್ಯರಲ್ಲ. ನಷ್ಟವಾಗಿರುವುದು ನಿಜ ಎಂದು ಒಪ್ಪಿಕೊಂಡರು. ಕೆರೆ ಕೆಳಗೆ ಜಮೀನು ಇರುವವರಿಗೆಲ್ಲ ಅವರವರ ಜಮೀನಿಗೆ ತಕ್ಕಂತೆ ಪರಿಹಾರ ಕೊಡುತ್ತೇನೆ, ಬೆಳೆ ಹೋದರೆ ವರ್ಷ ವರ್ಷವೂ ಕೊಡುತ್ತೇನೆ ಎಂದರು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೆವರು ಸುರಿಸದೆ ಬರುವ ದುಡ್ಡು. ನಮ್ಮ ಮಾವ ಆಗಲಿ ಸ್ವಾಮಿ ಅಂದೇಬಿಟ್ಟರು.

ಹೆಂಗಸರು ನಾವು, ಪಕ್ಕದ ಮನೆ ಅಕ್ಕನೂ ಸೇರಿ, ಸ್ವಲ್ಪ ದೂರದಲ್ಲಿ ನಿಂತಿದ್ದೆವು. ಅತ್ತೆ ಸೆರಗು ಸರಿಮಾಡಿಕೊಂಡು ಎರಡು ಹೆಜ್ಜೆ ಮುಂದೆ ಹೋದರು.

"ಸೊಪ್ಪು ನಮ್ದು, ಅದಕ್ಕೆ ಕೊಡ್ತೀರ, ಸರಿ. ಕೆರೆ ಯಾರ್ದು ಸ್ವಾಮಿ?"

ಕೆರೆ ಸರ್ಕಾರದ್ದು ಎಂದರು ಯಜಮಾನರು.

"ಸರ್ಕಾರ ಇಲ್ಲಿ ನೀರು ಕುಡಿಯೋಕೆ ಬರಲ್ಲ. ಕುಡಿಯೋದು ಈಯಮ್ಮನ ಎಮ್ಮೆ. ಬಟ್ಟೆ ಒಗಿಯೋರು ಅದೋ ಅಲ್ಲಿದಾರೆ. ಅವ್ರಿಗೆ ಜಮೀನಿಲ್ಲ, ಅದಕ್ಕೆ ನಷ್ಟಾನೂ ಇಲ್ವಾ?"

ಜಮೀನಿದ್ದರೆ ಅಳತೆಯಿದೆ, ಎಮ್ಮೆ ನೀರಿಗಿಳಿಯುವುದಕ್ಕೆ ಏನು ಅಳತೆ ಎಂದು ಯಜಮಾನರು ಕೇಳಿದ್ದೂ ನ್ಯಾಯವೇ ಅನ್ನಿಸಿತು ನನಗೆ. ಮಾವನ ಮುಖ ಕೆಂಪಾಯಿತು. ಆ ವಾರ ಮನೆಯಲ್ಲಿ ಮಾವ ಅತ್ತೆಯ ಜೊತೆ ಮಾತು ಬಿಟ್ಟರು. ಏನು ಬೇಕಾದರೂ ನನ್ನ ಕಡೆ ತಿರುಗಿ ಕೇಳುತ್ತಿದ್ದರು. ಅತ್ತೆ ಮಾತ್ರ ಎಂದಿನಂತೆ ಅವರಿಗೆ ಮುದ್ದೆ ಬಡಿಸುತ್ತಿದ್ದರು.

ಆದರೆ ಮಾತು ಊರಲ್ಲಿ ಓಡಾಡಿತು. ಪಟೇಲರ ಮನೆ ಜಗುಲಿಯಲ್ಲಿ ಮತ್ತೆ ಕೂತು ಮಾತಾಡಿದರು. ಜಮೀನಿನವರು ಆ ಬೇಸಿಗೆಯ ಬೆಳೆಗೆ ಮಾತ್ರ ಪರಿಹಾರ ತೆಗೆದುಕೊಳ್ಳುವುದು. ಆಮೇಲೆ ಯಜಮಾನರು ಕೊಡುವ ದುಡ್ಡಿನಿಂದ ಗೋಮಾಳದಲ್ಲಿ ಎಲ್ಲರಿಗೂ ಒಂದು ಬಾವಿ, ದನಗಳಿಗೆ ಕಲ್ಲಿನ ತೊಟ್ಟಿ, ಬಟ್ಟೆ ಒಗೆಯಲು ಚಪ್ಪಡಿ. ಬಣ್ಣದ ನೀರು ಕೆರೆಗೆ ಬರುವ ಮೊದಲು ಇಂಗಲು ಕಾರ್ಖಾನೆಯ ಹತ್ತಿರವೇ ಗುಂಡಿ ಎಂದು ತೀರ್ಮಾನವಾಯಿತು. ಯಜಮಾನರು ಒಪ್ಪಿದರು, ಮಾತಿನಂತೆ ನಡೆದುಕೊಂಡರು.

ಬಾವಿಗೆ ಬಂಡೆ ಅಡ್ಡ ಬಂದು ಕೆಲಸ ತಡವಾಯಿತು. ಅಷ್ಟರಲ್ಲಿ ಪಕ್ಕದ ಮನೆ ಅಕ್ಕ ಎಮ್ಮೆಗಳನ್ನು ಮಾರಿಬಿಟ್ಟಿದ್ದರು. ಬಿಳೇಕಹಳ್ಳಿಯ ತಂಗಿ ಮನೆಗೆ ಹೊರಟ ದಿನ ಅತ್ತೆ ಅವರನ್ನು ತಡೆದು, ಬಾವಿ ಆದ ಮೇಲೆ ಬಂದುಬಿಡು, ಒಂದು ಕರು ಕೊಡಿಸ್ತೀನಿ ಅಂದರು. ಅಕ್ಕ ನಕ್ಕರು.

"ನೀನು ಅವತ್ತು ನನ್ ಪರ ಕೇಳ್ದಲ್ಲ ತಾಯಿ, ಸಾಕು ಬಿಡು," ಅಂದರು. ಅವರು ತಿರುಗಿ ಬರಲಿಲ್ಲ.

ಮಳೆಗಾಲದಲ್ಲಿ ಕೆರೆ ತುಂಬಿ ಕೋಡಿ ಹರಿಯಿತು, ನೀರು ಸ್ವಲ್ಪ ತಿಳಿಯಾಯಿತು. ಮೀನು ಬರಲು ಬಹಳ ಕಾಲ ಹಿಡಿಯಿತು. ನಾವು ಬಾವಿಯ ನೀರು ಹೊತ್ತು ಹಾಕಿ ಒಂದು ಮಡಿ ಕೊತ್ತಂಬರಿ ಎಬ್ಬಿಸಿದೆವು. ಜಯನಗರದವರು ಮತ್ತೆ ಕೊಳ್ಳತೊಡಗಿದರು, ಕೆಲವರು ಮಾತ್ರ ಕೊನೆಯವರೆಗೂ ಮೂಸಿಯೇ ತೆಗೆದುಕೊಳ್ಳುತ್ತಿದ್ದರು. ಮಾವ ತಾವಾಗಿ ಯಾವತ್ತೂ ಅತ್ತೆ ಕೇಳಿದ್ದು ಸರಿ ಎನ್ನಲಿಲ್ಲ. ಒಂದು ಮಧ್ಯಾಹ್ನ ಮಾತ್ರ, ಯಾರದೋ ಎತ್ತುಗಳು ತೊಟ್ಟಿಯಲ್ಲಿ ನೀರು ಕುಡಿಯುತ್ತಿರುವಾಗ, ಮಾವ ಬಾವಿಯಿಂದ ಸೇದಿ ಸೇದಿ ತೊಟ್ಟಿ ತುಂಬಿಸುತ್ತಿದ್ದದ್ದನ್ನು ನಾನು ನೋಡಿದೆ.